ಪರದೆಯ ಹಿಂದಿನ ಹ್ಯಾಂಡಲ್

ನಮ್ಮ ಮನೆಯ ಕಟ್ಟೆಯ ಮೇಲೆ ದಿನಾ ಸಂಜೆ ಸೇರುತ್ತಿದ್ದ ಗಂಡಸರಲ್ಲಿ ಒಬ್ಬರಿಗೂ ಮೋಟಾರು ನಡೆಸಲು ಬರುತ್ತಿರಲಿಲ್ಲ. ಆದರೆ ಮಾತು ಕೇಳಿದರೆ, ಕಲಬುರಗಿಯಿಂದ ಕಮಲಾಪುರದವರೆಗಿನ ಒಂದೊಂದು ತಿರುವನ್ನೂ ಅವರೇ ತಿರುಗಿಸಿ ಬಂದಿದ್ದಾರೆ ಅನ್ನಬೇಕು. ಅವರಿಗೆಲ್ಲ ಚಹಾ ಕಾಸುವವಳು ನಾನು. ಅವರು ಎದ್ದು ಹೋದ ಮೇಲೆ ಕಪ್ಪು ತೊಳೆಯುವವಳೂ ನಾನೇ. ಹಾಗಾಗಿ ಅವರ ಮಾತು ಒಂದೂ ಬಿಡದೆ ನನ್ನ ಕಿವಿಗೆ ಬೀಳುತ್ತಿತ್ತು.

ಆಗಿನ್ನೂ ನಿಜಾಮರ ರಾಜ್ಯ. ಕಮಲಾಪುರದ ದಾರಿಗೆ ಓಡುತ್ತಿದ್ದುದು ಎರಡೇ ಮೋಟಾರು. ಕರಿಯದು ಹಳೆಯದು, ಅಡತಿ ಅಂಗಡಿಯ ಸಾವುಕಾರರದು. ಅದನ್ನು ನಡೆಸುತ್ತಿದ್ದವರು ನಮ್ಮ ಮನೆಯವರು. ಕೆಂಪನೆಯದು ಆ ವರ್ಷವೇ ಹೈದರಾಬಾದಿನಿಂದ ಬಂದದ್ದು. ಅದರ ಮಾಲಕ ಬೇರೆ ಊರಿನವನು, ಕೈ ಬಿಚ್ಚಿ ಖರ್ಚು ಮಾಡುವವನು.

ಸಂತೆಯ ದಿನ ಈ ಎರಡೂ ಮೋಟಾರು ಪೈಪೋಟಿಗೆ ಬೀಳುತ್ತಿದ್ದವು. ಕಮಲಾಪುರದ ಬಾಳೆ ತೋಟದವರು ಒಂದು ಕಟ್ಟು ಮಾಡಿಕೊಂಡಿದ್ದರು. ಊರ ಮುಂದಿನ ಬೇವಿನ ಗಿಡದ ಕೆಳಗೆ ಯಾವ ಮೋಟಾರು ಮೊದಲು ಬಂದು ಹಾರ್ನು ಒತ್ತುತ್ತದೋ, ಕೆಂಪು ಬಾಳೆಯ ಗೊನೆಗಳೆಲ್ಲ ಅದಕ್ಕೇ. ಎರಡನೆಯವನು ಎಷ್ಟೇ ಅಗ್ಗಕ್ಕೆ ಒಯ್ಯುತ್ತೇನೆಂದರೂ ಕೊಡುತ್ತಿರಲಿಲ್ಲ. ಆ ಒಂದು ಮಾತಿನಿಂದ ಅರ್ಧ ಕಲಬುರಗಿಯ ಗಂಡಸರು ಕರಿಯ ಕಡೆ, ಇನ್ನರ್ಧ ಕೆಂಪಿನ ಕಡೆ ಆಗಿಬಿಟ್ಟಿದ್ದರು.

ನಮ್ಮ ಕಟ್ಟೆಯ ಮೇಲೆ ಎಲ್ಲರಿಗಿಂತ ದೊಡ್ಡ ದನಿ ಗುಮಾಸ್ತರದು. ಅವರು ಸಾವುಕಾರರ ಅಂಗಡಿಯವರೇ. ಅವರಿಗೆ ಎದುರು ನಿಲ್ಲುತ್ತಿದ್ದವರು ಓಣಿಯ ತುದಿಯ ಚಾಚಾ, ಪೊಲೀಸ್ ನೌಕರಿ ಮುಗಿಸಿ ಪಿಂಚಣಿ ತಿನ್ನುತ್ತಿದ್ದವರು.

"ಕೈಯಾಗ ಹುನ್ನರ, ಕಸುಬು ಇರಬೇಕ್ರಿ ಚಾಚಾ. ನಮ್ಮವರು ಹೊಲಿದ ಟೈರಿನ ಮ್ಯಾಲ ಗೆದ್ದು ಬರ್ತಾರ. ಕೆಂಪ ಮೋಟಾರದವಗ ಆಗ್ತದೇನ್ರಿ?" ಎಂದು ಗುಮಾಸ್ತರು ತೊಡೆ ತಟ್ಟುವರು.

"ಅರೇ ಭಾಯಿ, ಖಾಲಿ ಹುನ್ನರದಿಂದ ಗಾಲಿ ತಿರಗತಾವೇನು?" ಎಂದು ಚಾಚಾ. "ಆ ಮಾಲಕನ ಇಂತಜಾಮ್ ನೋಡ್ರಿ. ನಾಕೂ ಟೈರು ಹೊಸಾವ, ಮ್ಯಾಲ ಒಂದು ಜಾಸ್ತಿ ಕಟ್ಕೊಂಡು ಬರ್ತಾನ. ರಿಪೇರಿಗೆ ಮಿಸ್ತ್ರಿ ಬ್ಯಾರೆ ಇಟ್ಟಾನ."

"ರೊಕ್ಕದ ಸೊಕ್ಕು ಅದು. ಆ ಮೋಟಾರ ನಮ್ಮವರ ಕೈಯಾಗ ಕೊಟ್ಟು ನೋಡ್ರಿ, ಹಾರಸ್ತಾರ."

"ಅದೇ ಕೇಳಲಕತ್ತೀನಿ ನಾನೂ. ಇಂಥಾ ಮನಷ್ಯಾಗ ನಿಮ್ಮ ಸಾವಕಾರ್ರು ಒಂದು ಟೈರು ಯಾಕ ಕೊಡಸವಲ್ಲರು?"

ಇಲ್ಲಿಗೆ ಬಂದಾಗ ಗುಮಾಸ್ತರು ಚಹಾದ ಬಶಿ ಎತ್ತಿಕೊಳ್ಳುತ್ತಿದ್ದರು. ನನಗೆ ಮೈ ಉರಿಯುತ್ತಿತ್ತು. ಹೊಲಿದ ಟೈರು ಅಂದರೆ ಅವರಿಗೆ ಹೆಮ್ಮೆ. ನನಗೆ ಅದು ದಿನಾ ಕಾಡುವ ಭಯ. ಎಡಗಡೆಯ ಹಿಂದಿನ ಟೈರು ಬಿರಿದು ಎಷ್ಟೋ ದಿನವಾಗಿತ್ತು. ಚಪ್ಪಲಿ ಹೊಲಿಯುವವನಿಂದ ಒಳಗೆ ಚರ್ಮದ ತುಂಡು ಹೊಲಿಸಿ ಓಡಿಸುತ್ತಿದ್ದರು. ಕಮಲಾಪುರ ಬರುವ ಮುಂಚೆ ಒಂದು ಇಳಿಜಾರಿದೆ. ಮಗ್ಗುಲಲ್ಲಿ ಹಳ್ಳ. ಅಲ್ಲಿ ಹೊಲಿಗೆ ಬಿಟ್ಟರೆ ಗತಿಯೇನು ಎಂದು ಕೇಳಿದರೆ ಮನೆಯವರು, "ಏನಾಗಂಗಿಲ್ಲ ಬಿಡು" ಎಂದು ಮಗ್ಗುಲಾಗುತ್ತಿದ್ದರು. ಹೊಗಳಿಕೆ ಅವರಿಗೂ ರುಚಿಸಿತ್ತು. ಗಂಡಸರಿಗೆ ಹೊಗಳಿಕೆಗಿಂತ ಅಗ್ಗದ ಪಗಾರ ಇನ್ನೊಂದಿಲ್ಲ ಎಂಬುದು ಸಾವುಕಾರರಿಗೆ ಚೆನ್ನಾಗಿ ಗೊತ್ತಿತ್ತು.

ಬಾಳೆಯ ಸುಗ್ಗಿ ಬಂತು. ಈ ಸಂತೆಗೆ ಮೊದಲು ಬಂದ ಮೋಟಾರಿಗೇ ಸುಗ್ಗಿ ಮುಗಿಯುವ ತನಕ ಗೊನೆ ಹಾಕುತ್ತೇವೆ ಎಂದು ತೋಟದವರು ಹೇಳಿ ಕಳಿಸಿದರು. ಸಾವುಕಾರರು ತಾವೇ ನಮ್ಮ ಕಟ್ಟೆಗೆ ಬಂದರು. "ಗೆದ್ದು ಕೊಡು. ಅಲ್ಲೇ ಕಮಲಾಪುರದಾಗ ನಿಂತು ಹೊಸಾ ಟೈರಿಗೆ ಹೇಳ್ತೀನಿ" ಎಂದರು. ಬಾಗಿಲ ಮರೆಯಲ್ಲಿ ನಿಂತು ನಾನು ಆ ಮಾತನ್ನು ಸೆರಗಿಗೆ ಗಂಟು ಹಾಕಿಕೊಂಡೆ. ನನ್ನ ತವರು ಕಮಲಾಪುರವೇ. ಈ ಸಂತೆಗೆ ನಾನೂ ಬರುತ್ತೇನೆ ಎಂದೆ.

ಮೋಟಾರಿನಲ್ಲಿ ಹೆಣ್ಣುಮಕ್ಕಳ ಜಾಗ ಡ್ರೈವರನ ಹಿಂದೆಯೇ. ಸುತ್ತ ಪರದೆ. ಅದರೊಳಗೆ ಗಂಡಸರು ಕೈ ಹಾಕುವಂತಿಲ್ಲ, ಇಣುಕುವಂತೆಯೂ ಇಲ್ಲ. ಹಿಂದೊಮ್ಮೆ ಯಾರೋ ಹ್ಯಾಂಡಲ್ ಕದ್ದು ಮೋಟಾರನ್ನು ದಿನವಿಡೀ ನಿಲ್ಲಿಸಿದ್ದರು. ಮುಂದೆ ನಿಂತು ಹ್ಯಾಂಡಲ್ ತಿರುವದಿದ್ದರೆ ಆಗಿನ ಮೋಟಾರು ಶುರುವೇ ಆಗುತ್ತಿರಲಿಲ್ಲ. ಅಂದಿನಿಂದ ಅದನ್ನು ಪರದೆಯೊಳಗೆ ಹೆಣ್ಣುಮಕ್ಕಳ ಕಾಲಡಿಗೆ ಇಡುವುದು ರೂಢಿಯಾಗಿತ್ತು. ಆ ದಿನ ಪರದೆಯೊಳಗೆ ಇದ್ದವಳು ನಾನೊಬ್ಬಳೇ.

ಬೆಳಿಗ್ಗೆ ಅಭಿಮಾನಿಗಳು ಮೋಟಾರಿಗೆ ಪೂಜೆ ಮಾಡಿಸಿದರು. ಎಲ್ಲರೂ ಸೇರಿ ಚೆಂಡು ಹೂವಿನ ಹಾರ ತಂದಿದ್ದರು. ಒಂದಲ್ಲ ಎರಡಲ್ಲ, ಮೋಟಾರಿನ ಮುಖವೇ ಕಾಣದಷ್ಟು. ಅದರ ಮೇಲೆ ಬಾಳೆ ಎಲೆಗಳನ್ನೂ ಕಟ್ಟಿದರು. ಒಳಗಿನ ನೀರು ತಣ್ಣಗಿರಲು ಗಾಳಿ ಹೋಗುವ ಮುಂದಿನ ಜಾಲರಿ ಪೂರಾ ಮುಚ್ಚಿಹೋಯಿತು. ಮನೆಯವರು ಒಮ್ಮೆ ಅದನ್ನು ನೋಡಿ, "ಸ್ವಲ್ಪ ಸರಸ್ರಿ" ಎಂದರು. "ದೇವರ ಹಾರ ಮುಟ್ಟಬಾರದ್ರಿ, ಊರು ಮುಟ್ಟೂತನ ಇರಲಿ" ಎಂದರು ಗುಮಾಸ್ತರು. ಮನೆಯವರು ಹೋಗಿ ತಮ್ಮ ಸೀಟಿನಲ್ಲಿ ಕುಳಿತರು.

ತಾಜಸುಲ್ತಾನಪುರ ದಾಟುವ ತನಕ ನಾವೇ ಮುಂದಿದ್ದೆವು. ಹಿಂದಿನ ಧೂಳಿನಲ್ಲಿ ಕೆಂಪು ಮೋಟಾರಿನ ಹಾರ್ನು ಮತ್ತೆ ಮತ್ತೆ ಕೇಳುತ್ತಿತ್ತು. ಚಾಚಾ ಅದರಲ್ಲಿದ್ದರು. ನಮ್ಮಲ್ಲಿ ಸಾವುಕಾರರು ಮುಂದೆ ಮನೆಯವರ ಮಗ್ಗುಲಿಗೆ, ಗುಮಾಸ್ತರೂ ಉಳಿದ ಮಂದಿಯೂ ಹಿಂದೆ. "ಒತ್ರಿ, ಒತ್ರಿ!" ಎಂದು ಅವರ ಕೂಗು. ಇನ್ನೊಂದಿಷ್ಟು ದೂರ ಹೋಗುವಷ್ಟರಲ್ಲಿ ಪರದೆಯೊಳಗೆ ಸುಟ್ಟ ವಾಸನೆ ಬಂತು. ಮುಂದೆ ಉಗಿ ಏಳುತ್ತಿತ್ತು. ಮೋಟಾರು ಕೆಮ್ಮಿ ನಿಂತಿತು.

ಕೆಂಪು ಮೋಟಾರು ಪಕ್ಕದಿಂದ ಹಾದುಹೋಯಿತು. ಅದರಲ್ಲಿದ್ದವರು ಟವಲು ಬೀಸಿದರು.

ಮನೆಯವರು ನೀರು ಹಾಕಿದರು. ಮತ್ತೆ ಕುದಿಯಿತು. ಏನಾಗಿದೆ ಎಂಬುದು ಅವರಿಗೆ ಗೊತ್ತಿತ್ತು, ಮುಖದಲ್ಲೇ ಕಾಣುತ್ತಿತ್ತು. ಆದರೆ ಅಷ್ಟು ಮಂದಿಯ ಎದುರಿಗೆ ದೇವರ ಹೂವಿಗೆ ಕೈ ಹಚ್ಚಲು ಅವರಿಂದ ಆಗಲಿಲ್ಲ. ನಾನು ಇಳಿದೆ. ತಲೆಯ ಮೇಲೆ ಸೆರಗು ಎಳೆದುಕೊಂಡು ಹೋಗಿ ಹಾರಗಳನ್ನೆಲ್ಲ ಎರಡೂ ಕೈಯಿಂದ ಬಾಚಿ ಕಿತ್ತೆ. ಬಿಸಿಗೆ ಅರ್ಧ ಬೆಂದಿದ್ದವು. ಕೈ ಚುರ್ ಎಂದಿತು.

"ಅಯ್ಯಯ್ಯೋ, ಏನ್ ಮಾಡಿದಿರಿ ತಾಯಿ!" ಎಂದು ಗುಮಾಸ್ತರು ಬಾಯಿ ಬಡಿದುಕೊಂಡರು.

"ದೇವರಿಗೆ ಉಸರು ಕಟ್ಟಿತ್ರಿ, ಬಿಡಿಸೀನಿ" ಎಂದೆ. ಹೂವನ್ನು ದಾರಿ ಬದಿಯ ಗಿಡದ ಬುಡಕ್ಕೆ ಹಾಕಿ ತಿರುಗಿದಾಗ ಆ ಹಿಂದಿನ ಟೈರು ಕಣ್ಣಿಗೆ ಬಿತ್ತು. ಹೊಲಿದ ಜಾಗ ಹುಣ್ಣಿನಂತೆ ಉಬ್ಬಿತ್ತು. ಅಷ್ಟು ದಿನ ಬರೀ ಮಾತಿನಲ್ಲಿ ಕೇಳಿದ್ದೆ. ಈಗ ಕಣ್ಣಾರೆ ಕಂಡೆ.

"ಇದು ತಡ್ಯಾಂಗಿಲ್ರಿ. ಇಳಿಜಾರದಾಗ ಸಾವಕಾಶ ಹೋಗ್ರಿ, ಸೋತರೂ ಅಡ್ಡಿಯಿಲ್ಲ" ಎಂದು ಮನೆಯವರಿಗಷ್ಟೇ ಕೇಳುವಂತೆ ಹೇಳಿದೆ.

"ಹೂಂ, ಹೂಂ. ನೀ ಒಳಗ ಕೂಡು" ಎಂದರು. ಹ್ಯಾಂಡಲ್ ತಿರುವಿ ಮೋಟಾರು ಶುರು ಮಾಡಿ, ಪರದೆಯ ಸಂದಿಯಿಂದ ಅದನ್ನು ನನ್ನ ಕಾಲಡಿಗೆ ತಳ್ಳಿದರು.

ಸಾವಕಾಶವೆಲ್ಲಿ ಬಂತು. ಗಾಳಿ ಸಿಕ್ಕ ಮೋಟಾರು ಒಂದೇ ಸಮನೆ ಓಡಿತು. ಇಳಿಜಾರಿನ ನೆತ್ತಿಗೆ ಬಂದಾಗ ಕೆಂಪು ಮೋಟಾರು ಎದುರಿಗೇ ಇತ್ತು, ಸಂತೆಯ ಬಂಡಿಗಳ ಹಿಂದೆ ಬ್ರೇಕು ಹಾಕುತ್ತ ಇಳಿಯುತ್ತಿತ್ತು. ಹಳ್ಳದ ಕಡೆ ಒಂದಿಷ್ಟು ಜಾಗ ಖಾಲಿ. ಮನೆಯವರ ಭುಜ ಆ ಕಡೆ ವಾಲಿದ್ದನ್ನು ಪರದೆಯ ಸಂದಿಯಿಂದ ನೋಡಿದೆ. "ಬ್ಯಾಡ್ರೀ!" ಎಂದು ಚೀರಿದೆ. ಹಿಂದಿನವರ ಕೇಕೆಯಲ್ಲಿ ನನ್ನ ದನಿ ಯಾರಿಗೂ ಕೇಳಲಿಲ್ಲ. ಎಡಗಡೆಯ ಗಾಲಿ ದಾರಿಯ ಅಂಚಿಗೆ ಇಳಿದು ಕಲ್ಲು ಸಿಡಿಸಿತು. ಒಂದೊಂದು ಕಲ್ಲು ಸಿಡಿದಾಗಲೂ ಟೈರೇ ಹೋಯಿತೆಂದುಕೊಂಡೆ. ಕಣ್ಣು ಮುಚ್ಚಿ ಆ ಕಬ್ಬಿಣದ ಹ್ಯಾಂಡಲನ್ನು ಎದೆಗೆ ಅವುಚಿಕೊಂಡು ಕುಳಿತೆ. ದೇವರ ಹೆಸರೂ ನೆನಪಿಗೆ ಬರಲಿಲ್ಲ.

ಹಾರ್ನು ಕೇಳಿತು. ನಮ್ಮದು. ಬೇವಿನ ಗಿಡದ ಕೆಳಗೆ ನಾವು ಮೊದಲು ಬಂದಿದ್ದೆವು.

ಮಂದಿ ಮನೆಯವರನ್ನು ಹೆಗಲ ಮೇಲೆ ಎತ್ತಿಕೊಂಡು ಕುಣಿದರು. ಗೊನೆಗಳು ಮೋಟಾರಿನ ನೆತ್ತಿಗೆ ಏರತೊಡಗಿದವು. ಎಲ್ಲ ಏರಿದ ಮೇಲೆ ಗುಮಾಸ್ತರು ಹೇಳುತ್ತಿದ್ದುದು ಕೇಳಿಸಿತು, "ಎಲ್ಲಾ ಆ ಹಾರದ ಮಹಿಮಾ ನೋಡ್ರಿ."

ನಾನು ಪರದೆಯೊಳಗಿಂದಲೇ ಕೇಳಿದೆ. "ಸಾವಕಾರ್ರೇ, ಟೈರಿಂದು ಏನ್ ಮಾಡಿದ್ರಿ?"

ಸಾವುಕಾರರು ನಕ್ಕರು. "ಈ ಟೈರಿನ ಮ್ಯಾಲೇ ಗೆದ್ದಾನಲ್ಲವಾ ನಿನ್ನ ಗಂಡ! ಇಂಥಾ ಕೈ ಇದ್ದವಗ ಹೊಸಾದ್ಯಾಕ?"

ಸುತ್ತ ನಿಂತವರೆಲ್ಲ "ಖರೇ ಅದ, ಖರೇ ಅದ" ಎಂದರು. ಅದಕ್ಕಿಂತ ಹೆಚ್ಚು ನನಗೆ ಚುಚ್ಚಿದ್ದು ಮನೆಯವರ ನಗೆ. ಅವರೂ ನಕ್ಕರು. ಮೀಸೆ ತೀಡಿಕೊಂಡೇ ನಕ್ಕರು.

ಹೊರಡುವ ಹೊತ್ತಿಗೆ ಪರದೆಯ ಸಂದಿಯಲ್ಲಿ ಕೈ ಚಾಚಿ, "ಹ್ಯಾಂಡಲ್ ಕೊಡು" ಎಂದರು.

"ಕೊಡಂಗಿಲ್ಲ."

"ತವರಮನಿಗೆ ಹೋಗಾಕಿ ಇಳಿದು ಹೋಗು, ಇದೇನು ಚಾಷ್ಟಿ?"

"ಚಾಷ್ಟಿ ಅಲ್ರಿ. ಹೊಸಾ ಟೈರು ಬರೂತನ ಇಲ್ಲಿಂದ ಏಳಂಗಿಲ್ಲ, ಇದನ್ನೂ ಕೊಡಂಗಿಲ್ಲ."

ಹೊರಗೆ ಗದ್ದಲವಾಯಿತು. ಸಾವುಕಾರರು ಬೈದರು. ಗುಮಾಸ್ತರು ತಾಯಿ ತಾಯಿ ಎಂದು ಗೋಗರೆದರು. ಬಿಸಿಲು ಏರುತ್ತಿತ್ತು, ನೆತ್ತಿಯ ಮೇಲೆ ಹಣ್ಣು ಬಾಡುತ್ತಿದ್ದವು. ನನ್ನ ತವರಿನ ಊರು, ನೋಡುವವರೆಲ್ಲ ನನ್ನನ್ನು ಬಲ್ಲವರು. ನಾಚಿಕೆಯಿಂದ ಮೈ ಬೆವತಿತ್ತು. ಆದರೂ ಪರದೆಯೊಳಗೆ ಕೈ ಹಾಕುವ ಗಂಡಸು ಅಲ್ಲಿ ಒಬ್ಬನೂ ಇರಲಿಲ್ಲ. ಮನೆಯವರು ಮಾತ್ರ ಹಾಕಬಹುದಿತ್ತು. ಅವರು ಮುಖ ಕೆಂಪಗೆ ಮಾಡಿಕೊಂಡು ಹೊರಗೆ ನಿಂತೇ ಇದ್ದರು.

ಕಡೆಗೆ ಮುಂದೆ ಬಂದವರು ಚಾಚಾ. "ಸಾವಕಾರ್ ಸಾಬ್, ಕೆಂಪ ಮೋಟಾರದಾಗ ಒಂದು ಟೈರು ಜಾಸ್ತಿ ಅದ. ಅಳತಿ ಎರಡೂ ಒಂದೇ ಅಂತಾನ ಮಿಸ್ತ್ರಿ. ರೊಕ್ಕ ಕೊಟ್ರ ಕೊಡ್ತಾರಂತ, ತಗೋರಿ. ಬೇಟಿ ಏನ್ ತಪ್ಪು ಕೇಳ್ಯಾಳ?" ಎಂದರು. ಸೋತ ಮೋಟಾರಿನ ಟೈರು ಗೆದ್ದ ಮೋಟಾರಿಗೆ! ಗುಮಾಸ್ತರ ಮುಖ ಇಂಗು ತಿಂದಂತಾಯಿತು. ಸಾವುಕಾರರು ಮೇಲಿನ ಗೊನೆಗಳನ್ನು ನೋಡಿದರು, ನನ್ನ ಪರದೆಯನ್ನು ನೋಡಿದರು. ಆಮೇಲೆ ಹೂಂ ಅಂದರು.

ಮಿಸ್ತ್ರಿ ಹಳೆಯ ಟೈರನ್ನು ಬಿಚ್ಚಿ ನೆಲಕ್ಕೆ ಹಾಕಿದ. ಮನೆಯವರು ಕುಕ್ಕರಗಾಲಿನಲ್ಲಿ ಕುಳಿತು ಅದರೊಳಗೆ ಕೈ ಹಾಕಿದರು. ಪರದೆ ಸರಿಸಿ ನಾನು ನೋಡುತ್ತಿದ್ದೆ. ಚರ್ಮದ ತುಂಡು ಹೊಲಿಗೆ ಬಿಟ್ಟು ಮುದುಡಿಕೊಂಡಿತ್ತು. ಒಳಗಿನಿಂದ ಅವರು ಮೆಲ್ಲಗೆ ಒತ್ತಿದರು. ಹೆಬ್ಬೆರಳು ಹೊರಗೆ ಬಂತು. ಆ ಬೆರಳನ್ನೇ ನೋಡಿದರು. ಯಾರನ್ನೂ ಕರೆದು ತೋರಿಸಲಿಲ್ಲ.

ಎದ್ದು ಬಂದು ಕೈ ಚಾಚಿದರು. ನಾನು ಹ್ಯಾಂಡಲ್ ಕೊಟ್ಟೆ. ತವರಿಗೆ ಇಳಿಯಲು ಮನಸ್ಸಾಗಲಿಲ್ಲ. ಅವರೊಡನೆಯೇ ಕಲಬುರಗಿಗೆ ಹಿಂತಿರುಗಿದೆ.

ದಾರಿಯುದ್ದಕ್ಕೂ ಹಿಂದೆ ಕೂತವರ ಜಗಳ ನಿಲ್ಲಲಿಲ್ಲ. ಗೆದ್ದದ್ದು ಹಾರದಿಂದ ಎಂದು ಕೆಲವರು, ಕೈಯಿಂದ ಎಂದು ಕೆಲವರು. ಅಷ್ಟರಲ್ಲಿ ಕೆಂಪು ಮೋಟಾರು ಹಿಂದಿನಿಂದ ಬಂದು ಹಾರ್ನು ಒತ್ತಿತು. "ಒತ್ರಿ, ಒತ್ರಿ! ಬಿಡಬ್ಯಾಡ್ರಿ!" ಎಂದು ಗುಮಾಸ್ತರು ಎದ್ದು ನಿಂತರು.

ಮನೆಯವರು ಮೋಟಾರನ್ನು ಬದಿಗೆ ತೆಗೆದುಕೊಂಡು, ಅದಕ್ಕೆ ದಾರಿ ಬಿಟ್ಟರು.