ತಿಮೋತಿ ಮಾಸ್ತರರ ಮೂರನೆಯ ಚಿತ್ರ

ಲೋಕದ ಅಂತ್ಯ ಎಲ್ಲಿಯವರೆಗೆ ಬಂತು ಎಂಬುದು ಆಳಂದದಲ್ಲಿ ಯಾರಿಗಾದರೂ ಬೇಕಾದರೆ ತಿಮೋತಿ ಮಾಸ್ತರರನ್ನು ಕೇಳಬೇಕಿತ್ತು. ಮಾಸ್ತರರು ನಿವೃತ್ತ ಚಿತ್ರಕಲಾ ಶಿಕ್ಷಕರು. ಮಕ್ಕಳಿಗೆ ಜೀವನವಿಡೀ ಹೂಜಿ ಮತ್ತು ಬಾಳೆಹಣ್ಣು ಬರೆಯಲು ಕಲಿಸಿದವರು, ತಮಗಾಗಿ ಮಾತ್ರ ಜಗತ್ತಿನ ಕೊನೆಯನ್ನೇ ಬರೆದುಕೊಂಡಿದ್ದರು. ದಪ್ಪ ಕಾಟನ್ ಬಟ್ಟೆ, ಅದಕ್ಕೆ ಎರಡೂ ಕಡೆ ಬಿದಿರಿನ ಕೋಲು. ಬಿಚ್ಚಿದರೆ ಗೋಡೆ ತುಂಬುತ್ತಿತ್ತು. ಸುತ್ತಿದರೆ ಬಸ್ಸಿನ ಸೀಟಿನ ಕೆಳಗೆ ಹಿಡಿಯುತ್ತಿತ್ತು.

ಬಟ್ಟೆಯ ಮೇಲೆ ಮೂರು ಚಿತ್ರ. ಮೊದಲನೆಯದರಲ್ಲಿ ಯೆಹೂದ್ಯರು ಲೋಕದ ನಾಲ್ಕೂ ದಿಕ್ಕಿಗೆ ಚದುರಿ ಹೋಗುತ್ತಿದ್ದಾರೆ. ಎರಡನೆಯದರಲ್ಲಿ ಹಡಗು, ವಿಮಾನ ಹತ್ತಿ ತಮ್ಮ ದೇಶಕ್ಕೆ ಮರಳುತ್ತಿದ್ದಾರೆ. ಮೂರನೆಯದರಲ್ಲಿ ಮಹಾ ಸಂಕಟ: ಮೂರರಲ್ಲಿ ಎರಡು ಪಾಲು ಯೆಹೂದ್ಯರು ನೆಲಕ್ಕುರುಳಿದ್ದಾರೆ, ಉಳಿದ ಒಂದು ಪಾಲು ಮೊಣಕಾಲೂರಿ ಆಕಾಶ ನೋಡುತ್ತಿದೆ, ಮೋಡದಲ್ಲಿ ಯೇಸುಸ್ವಾಮಿ ಇಳಿದು ಬರುತ್ತಿದ್ದಾನೆ. ಯೆಹೂದ್ಯರು ತಮ್ಮ ದೇಶಕ್ಕೆ ಮರಳದೆ ಸ್ವಾಮಿ ಬರುವುದಿಲ್ಲ ಎಂಬುದು ಮಾಸ್ತರರ ಲೆಕ್ಕ. ಟಿವಿಯಲ್ಲಿ ಆ ಕಡೆ ಯುದ್ಧ ಶುರುವಾದಾಗಲೆಲ್ಲ ಅವರ ಫೋನು ಹೊಡೆದುಕೊಳ್ಳುತ್ತಿತ್ತು. ಅಫಜಲಪುರ, ಜೇವರ್ಗಿ ಕಡೆಯ ಪ್ರಾರ್ಥನಾ ಮನೆಗಳವರು ಕರೆಯುತ್ತಿದ್ದರು. ಆಗ ಮಾಸ್ತರರ ನಡಿಗೆಯೇ ಬೇರೆಯಾಗುತ್ತಿತ್ತು. ಸ್ವತಃ ಅವರೇ ಆಜ್ಞೆ ಹೊರಡಿಸಿದವರ ಹಾಗೆ.

ಇಷ್ಟಕ್ಕೂ ಮಾಸ್ತರರು ಒಬ್ಬ ಯೆಹೂದ್ಯನನ್ನೂ ಕಂಡವರಲ್ಲ. ಗಡ್ಡ ಇರಬೇಕು ಎಂಬಷ್ಟು ಗೊತ್ತಿತ್ತು. ಹತ್ತಿರದಲ್ಲಿ ಸಿಕ್ಕ ಒಳ್ಳೆಯ ಗಡ್ಡ ಮಟನ್ ಅಂಗಡಿಯ ಶರಫುದ್ದೀನನದು. ಹೀಗಾಗಿ ಚಿತ್ರದಲ್ಲಿ ಚದುರಿದವರು, ಮರಳಿದವರು, ಸತ್ತವರು, ಉಳಿದವರು ಎಲ್ಲರೂ ಶರಫುದ್ದೀನನೇ. ಅವನಿಗೆ ಈ ವಿಷಯದಲ್ಲಿ ಹೆಮ್ಮೆಯೇ ಇತ್ತು. "ಇಡೀ ಯೆಹೂದಿ ಕೌಮ್ ಬರೀಲಿಕ್ಕ ನನ್ನ ಬಿಟ್ಟರ ಬ್ಯಾರೆ ಯಾರೂ ಸಿಗಲಿಲ್ಲ ನೋಡ್ರಿ ಮಾಸ್ತರಿಗೆ" ಎಂದು ಗಿರಾಕಿಗಳಿಗೆ ಹೇಳುತ್ತಿದ್ದ.

ಆ ವರ್ಷ ಮಾಸ್ತರರಿಗೆ ಒಂದು ಕುತ್ತು ಬಂದಿತ್ತು. ಜೇವರ್ಗಿಯ ವಾರ್ಷಿಕ ಪ್ರಾರ್ಥನಾ ಕೂಟದಲ್ಲಿ ಭಾನುವಾರದ ಕೊನೆಯ ಭಾಷಣ ಮೊದಲಿನಿಂದಲೂ ಅವರದೇ. ಅಲ್ಲಿಗೆ ಹೊಸದಾಗಿ ಬಂದ ಸಭಾಪಾಲಕ ಎಬೆನೇಜರ ಫೋನಿನಲ್ಲಿ ಬಹಳ ವಿನಯದಿಂದ ಹೇಳಿದ್ದ: "ಮಾಸ್ತರ, ಹೈದರಾಬಾದಿನವರು ಇದನ್ನೇ ಪ್ರೊಜೆಕ್ಟರ್ ಮ್ಯಾಲ ತೋರಸ್ತಾರಂತ್ರಿ. ಅದರಾಗ ಬೆಂಕಿ ಖರೇ ಬೆಂಕಿ ಕಂಡಂಗ ಕಾಣ್ತದಂತ. ಈ ವರ್ಷ ನಿಮ್ದು ಜನಾ ಹಿಡಿದ್ರ ಸರಿ, ಇಲ್ಲಾಂದ್ರ ಮುಂದಿನ ವರ್ಷ ಅವರದು ನೋಡೋಣ್ರಿ."

ಮಾಸ್ತರರು ಅಂದಿನಿಂದ ಸರಿಯಾಗಿ ಉಣ್ಣಲಿಲ್ಲ. ಲೋಕದ ಅಂತ್ಯವಾದರೂ ಅವರು ತಡೆದುಕೊಳ್ಳುತ್ತಿದ್ದರು, ಭಾನುವಾರದ ಭಾಷಣ ಕೈತಪ್ಪುವುದನ್ನು ಮಾತ್ರ ತಡೆದುಕೊಳ್ಳುವಂತಿರಲಿಲ್ಲ.

ಕೂಟಕ್ಕೆ ಎರಡು ದಿನ ಇರುವಾಗ ಶರಫುದ್ದೀನ ಏದುಸಿರು ಬಿಡುತ್ತ ಬಂದ.

"ಮಾಸ್ತರ, ನಿಮ್ಮ ಯೆಹೂದಿ ನಮ್ಮ ಮಾಳಗಿ ಮ್ಯಾಲ ಇಳಿದಾನ್ರಿ! ಅಸಲಿ!"

ಕಬ್ಬಿನ ಲಾರಿ ತೂಗುವ ಕಾಟಾ ರಿಪೇರಿಗೆಂದು ಪುಣೆಯಿಂದ ಬಂದವರೊಬ್ಬರು ಶರಫುದ್ದೀನನ ಮೇಲಿನ ಕೋಣೆ ಹಿಡಿದಿದ್ದರು. ಶುಕ್ರವಾರ ಹೊತ್ತು ಮುಳುಗುವಾಗ ತಲೆಗೆ ಟೋಪಿ ಹಾಕಿ ದೀಪ ಹಚ್ಚಿದ್ದನ್ನು ಕಂಡು ಇವನು ಕೇಳಿದ್ದಾನೆ, ತಾವು ಯೆಹೂದಿ ಎಂದು ಅವರು ಹೇಳಿದ್ದಾರೆ. ಹೆಸರು ಸೊಲೊಮನ್ ಪೇಣಕರ. ಹಿಂದಿನವರು ಎಷ್ಟೋ ತಲೆಮಾರಿನಿಂದ ಕೊಂಕಣದ ಕಡೆ ನೆಲೆಸಿ ಎಣ್ಣೆಯ ಗಾಣ ಹಾಕಿದ್ದವರಂತೆ.

ಮಾಸ್ತರರು ಓಡಿಹೋಗಿ ನೋಡಿದರು. ಗಡ್ಡ ಇರಲಿಲ್ಲ. ಬೊಕ್ಕ ತಲೆ, ಅರ್ಧ ತೋಳಿನ ಅಂಗಿ, ಜೇಬಿನಲ್ಲಿ ಎರಡು ಪೆನ್ನು; ಎಲ್ಲೈಸಿ ಏಜೆಂಟರ ಹಾಗಿದ್ದರು. ಮಾಸ್ತರರಿಗೆ ತುಸು ನಿರಾಶೆಯಾಯಿತು. ಆದರೆ ಮರುಕ್ಷಣವೇ ಜೇವರ್ಗಿಯ ವೇದಿಕೆ ಕಣ್ಣಿಗೆ ಬಂತು. ಪ್ರೊಜೆಕ್ಟರಿನವರು ಬೆಂಕಿ ತೋರಿಸಬಹುದು, ಯೆಹೂದ್ಯನನ್ನು ಎಲ್ಲಿಂದ ತಂದಾರು?

"ನಾಳೆ ನಮ್ಮ ಮನಿಗೆ ಊಟಕ್ಕ ಬರಬೇಕ್ರಿ" ಎಂದರು. "ಭಾನುವಾರ ಜೇವರ್ಗಿಗೆ ಕೂಡೇ ಹೋಗೂಣು."

ಪೇಣಕರರಿಗೆ ಸೋಮವಾರ ಆ ಕಡೆಯ ಕಾರ್ಖಾನೆಯಲ್ಲೇ ಕೆಲಸವಿತ್ತು. ಸೊಲ್ಲಾಪುರದಲ್ಲಿ ಬಹಳ ವರ್ಷ ಇದ್ದವರು, ಕನ್ನಡ ಬರುತ್ತಿತ್ತು. "ನಡೀತದ್ರಿ" ಎಂದರು.

ಶನಿವಾರ ಮಾಸ್ತರರು ಮಟನ್ ಅಂಗಡಿಯಲ್ಲಿ ಬಗ್ಗಿ ಮೇಕೆಯ ಗೊರಸು ಸೀಳಿದೆಯೋ ಇಲ್ಲವೋ ಎಂದು ಪರೀಕ್ಷೆ ಮಾಡಿದರು. ಗೊರಸು ಸೀಳಿದ ಪ್ರಾಣಿಯನ್ನೇ ತಿನ್ನಬೇಕೆಂದು ಯೆಹೂದ್ಯರ ಶಾಸ್ತ್ರದಲ್ಲಿದೆ.

"ಇಷ್ಟು ವರ್ಷ ಏನ ಕುದುರಿ ಕೊಟ್ಟೇನೇನ್ರಿ ನಿಮಗ?" ಎಂದ ಶರಫುದ್ದೀನ.

ಮನೆಗೆ ಬಂದು ಹೆಂಡತಿ ಸುಂದರಬಾಯಿಗೆ ಅಪ್ಪಣೆಯಾಯಿತು: ಮಾಂಸದ ಕೂಡ ಹಾಲು, ಮೊಸರು, ಮಜ್ಜಿಗೆ ಏನೂ ಇಡಬಾರದು.

"ಮಜ್ಜಿಗಿ ಇಲ್ದ ಊಟ ಮುಗಿಯೂದು ಹ್ಯಾಂಗ್ರಿ? ಏನೂ ಕೊಡ್ಲಾರದ ಎಬ್ಬಿಸಿದ್ರು ಅಂತಾರ."

"ಅವರು ಅಬ್ರಹಾಮನ ವಂಶದವರು, ಬೇ!"

"ಅಬ್ರಹಾಮಗೂ ಸೆಕಿ ಆಗ್ತಿತ್ತಲ್ರಿ" ಎಂದು ಗೊಣಗಿದರೂ ಆಕೆ ಹೇಳಿದಂತೆಯೇ ಮಾಡಿದರು.

ಪೇಣಕರರು ರೊಟ್ಟಿ ಮುರಿದುಕೊಂಡು ತೃಪ್ತಿಯಾಗಿ ಉಂಡರು. ಸುಂದರಬಾಯಿಯವರ ಶೇಂಗಾ ಚಟ್ನಿಯನ್ನು ಎರಡು ಸಲ ಕೇಳಿ ಹಾಕಿಸಿಕೊಂಡರು. ತೀರಿಹೋದ ಹೆಂಡತಿಯೂ ಹೀಗೇ ಮಾಡುತ್ತಿದ್ದಳು ಎಂದರು. ಊಟವಾದ ಮೇಲೆ ಮಾಸ್ತರರು ಬಟ್ಟೆ ಬಿಚ್ಚಿ ಮೊದಲೆರಡು ಚಿತ್ರ ತೋರಿಸಿದರು.

"ಇವರೆಲ್ಲ ಶರಫುದ್ದೀನಭಾಯಿ ಕಂಡಂಗ ಕಾಣ್ತಾರಲ್ರಿ" ಎಂದರು ಪೇಣಕರರು.

ಮಾಸ್ತರರು ಕೇಳಿಸಿಕೊಳ್ಳಲಿಲ್ಲ. "ಅದಿರ‍್ಲಿ, ನೀವು ಯಾವಾಗ ಹೋಗ್ತೀರಿ ಅಲ್ಲಿಗೆ?"

"ನಮ್ಮ ಅಣ್ಣ ಹೋಗ್ಯಾನ್ರಿ. ನಂದು ಮೊಣಕಾಲು ಸರಿ ಇಲ್ಲ. ಅವನ ಮನ್ಯಾಗ ಮೆಟ್ಟಿಲ ಭಾಳ."

"ನೀವು ಹಿಂಗ ತಡಾ ಮಾಡಿದ್ರ ಮುಂದಿನ ಕೆಲಸ ಎಲ್ಲಾ ನಿಂತಂಗಲ್ರಿ?"

"ಮುಂದಿನದು ಏನೈತ್ರಿ?" ಎಂದು ಪೇಣಕರರು ಸುತ್ತಿಟ್ಟ ಭಾಗದತ್ತ ಕೈ ತೋರಿಸಿದರು.

"ಅದು ನಾಳೆ ಕೂಟದಾಗ" ಎಂದು ಮಾಸ್ತರರು ಕೋಲು ಹಿಡಿದುಕೊಂಡರು.

ಅತಿಥಿ ಹೋದ ಮೇಲೆ ಸುಂದರಬಾಯಿ ತಾಟು ಎತ್ತುತ್ತ ಕೇಳಿದರು: "ನಾಳೆ ಅವರನ್ನ ಮುಂದ ಕೂಡಿಸಿಕೊಂಡು ಆ ಮೂರನೇದು ತೋರಸ್ತೀರೇನ್ರಿ? ಮನಿಯಾಗ ಉಣಿಸಿ?"

"ಶಾಸ್ತ್ರ ನಾ ಬರದೇನೇನು?"

"ಶಾಸ್ತ್ರ ದೇವರದು. ಹೆಣಾ ಬರದವರು ನೀವು."

ಮಾಸ್ತರರು ಬಟ್ಟೆಯನ್ನು ಸುತ್ತಿ ಬಾಗಿಲ ಬಳಿ ಇಟ್ಟರು. ಪ್ರೊಜೆಕ್ಟರಿನ ಚಿಂತೆ ಇದ್ದವರಿಗೆ ಬೇರೆ ಚಿಂತೆಗೆ ಜಾಗವಿರುವುದಿಲ್ಲ.

ಜೇವರ್ಗಿಯಲ್ಲಿ ಪೆಂಡಾಲು ತುಂಬಿತ್ತು. ಎಬೆನೇಜರ ಪೇಣಕರರಿಗೆ ಹಾರ ಹಾಕಿ, ಟವೆಲ್ ಹೊದಿಸಿದ ಕುರ್ಚಿಯಲ್ಲಿ ಕೂರಿಸಿದ. ಜನ ಮೊಬೈಲು ಹಿಡಿದು ಮುಂದೆ ಬಂದರು. ಒಬ್ಬಾಕೆ ತನ್ನ ಕೂಸಿನ ತಲೆಯನ್ನು ಅವರಿಂದ ಮುಟ್ಟಿಸಿಕೊಂಡು ಹೋದಳು. ಮಾಸ್ತರರ ಧ್ವನಿ ಅಂದು ಮೈಕಿಲ್ಲದೆಯೂ ಕೇಳುವಂತಿತ್ತು. ಚದುರಿದರು ಎಂದಾಗ ನಿಟ್ಟುಸಿರು, ಮರಳಿದರು ಎಂದಾಗ ಚಪ್ಪಾಳೆ. ಪೇಣಕರರೂ ಮರ್ಯಾದೆಗೆ ತಟ್ಟಿದರು. ಎಬೆನೇಜರನ ಮುಖದಲ್ಲಿ ಪ್ರೊಜೆಕ್ಟರು ಮಾಸಿಹೋಗಿತ್ತು.

ಮಾಸ್ತರರು ಕೋಲು ತಿರುಗಿಸಿದರು. ಮೂರನೆಯ ಚಿತ್ರ ಅರ್ಧ ಬಿಚ್ಚಿತು. ಸಾಲಾಗಿ ಬಿದ್ದ ಕಾಲುಗಳು, ಮುಖಗಳು. ಪೇಣಕರರು ಕನ್ನಡಕ ಸರಿಪಡಿಸಿಕೊಂಡು ಮುಂದಕ್ಕೆ ಬಾಗಿದರು.

"ಮಾಸ್ತರ, ಇವರ‍್ಯಾಕ ಮಲಗ್ಯಾರ್ರಿ?"

ಮೈಕು ಹತ್ತಿರವೇ ಇದ್ದುದರಿಂದ ಪೆಂಡಾಲಿಗೆಲ್ಲ ಕೇಳಿತು. ಮಾಸ್ತರರ ಬಾಯಲ್ಲಿ ಶಾಸ್ತ್ರದ ವಚನ ಸಿದ್ಧವಾಗಿತ್ತು. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುವಂಥದ್ದು. ಎದುರಿಗೆ ಹಾರ ಹಾಕಿಕೊಂಡು, ಎರಡು ಪೆನ್ನು ಇಟ್ಟುಕೊಂಡು ಒಬ್ಬ ಮನುಷ್ಯ ಉತ್ತರಕ್ಕೆ ಕಾಯುತ್ತಿದ್ದ. ಮೂರರಲ್ಲಿ ಎರಡು ಪಾಲು ಎಂದರೆ ಈತನ ಅಣ್ಣನೋ, ಈತನೋ? ಚಟ್ನಿ ಕೇಳಿ ಹಾಕಿಸಿಕೊಂಡದ್ದು ನೆನಪಾಯಿತು.

"ದಣದಾರ್ರಿ" ಎಂದರು ಮಾಸ್ತರರು. "ಭಾಳ ದೂರದಿಂದ ಬಂದಾರ."

ಹಿಂದಿನಿಂದ ಯಾರೋ ಕೂಗಿದರು: "ಮಾಸ್ತರ, ಆಮ್ಯಾಲ ಸಂಕಟ ಅದಲ್ರಿ! ಪೂರಾ ಬಿಚ್ರಿ!"

"ಗಾಳಿ ಭಾಳ ಅದ, ಬಟ್ಟಿ ಹರೀತದ" ಎಂದು ಮಾಸ್ತರರು ಸುತ್ತತೊಡಗಿದರು. ಪೆಂಡಾಲಿನಲ್ಲಿ ಎಲೆ ಅಲ್ಲಾಡುವಷ್ಟೂ ಗಾಳಿ ಇರಲಿಲ್ಲ. ಎಬೆನೇಜರ ಗಡಿಬಿಡಿಯಿಂದ ಎದ್ದು ಹಾಡು ಶುರುಮಾಡಿಸಿದ.

ಮರುವರ್ಷ ಭಾನುವಾರದ ಕೊನೆಯ ಭಾಷಣ ಪ್ರೊಜೆಕ್ಟರಿಗೆ ಹೋಯಿತು. ಮಾಸ್ತರರು ಜನರ ನಡುವೆ ಕೂತು ನೋಡಿದರು. ಬೆಂಕಿ ನಿಜಕ್ಕೂ ಚೆನ್ನಾಗಿತ್ತು. ಮೂರನೆಯ ಭಾಗ ಬರುವ ಹೊತ್ತಿಗೆ ಎದ್ದು ನೀರು ಕುಡಿಯಲು ಹೋದವರು ಅದು ಮುಗಿಯುವವರೆಗೆ ತಿರುಗಿ ಬರಲಿಲ್ಲ. ಬಟ್ಟೆ ಈಗಲೂ ಅಟ್ಟದ ಮೇಲಿದೆ. ಸ್ವಾಮಿ ಬಂದೇ ಬರುತ್ತಾನೆ ಎಂಬುದರಲ್ಲಿ ಮಾಸ್ತರರಿಗೆ ಅನುಮಾನವಿಲ್ಲ. ಯಾವಾಗ ಎಂದು ಕೇಳಿದರೆ ಮಾತ್ರ ಮಾತು ತಿರುಗಿಸುತ್ತಾರೆ.

ಟಿವಿಯಲ್ಲಿ ಆ ಕಡೆಯ ಸುದ್ದಿ ಬಂದ ದಿನ ಮಾಸ್ತರರೇ ಪುಣೆಗೆ ಫೋನು ಮಾಡುತ್ತಾರೆ.

"ಅಣ್ಣಾರು ಆರಾಮ ಅದಾರೇನ್ರಿ?"

"ಅದಾನ್ರಿ."

"ನೀವು ಹೋಗಿಲ್ಲಲ್ರಿ ಇನ್ನೂ?"

"ಎಲ್ಲೀದ್ರಿ ಮಾಸ್ತರ, ಈ ಮೊಣಕಾಲು..."

"ಛಲೋ ಆತು, ಛಲೋ ಆತು" ಎನ್ನುತ್ತಾರೆ ಮಾಸ್ತರರು. "ನಮ್ದೇನೂ ಅವಸರ ಇಲ್ರಿ."