ಒಪ್ಪಿಸಿ ಹೋದ ಸಾಮಾನು

2002ರ ನವೆಂಬರ್, ಎರಡನೆಯ ರವಿವಾರ, ಬೆಳಿಗ್ಗೆ ಒಂಬತ್ತೂ ಕಾಲು. ಬೈಲಹೊಂಗಲದ ನಮ್ಮ ಮನೆಯ ಪಡಸಾಲೆ. ಇದ್ದವರು ಮೂವರು: ನಾನು, ನನ್ನ ಹೆಂಡತಿ, ಸೈನ್ಯದಲ್ಲಿ ಹನ್ನೊಂದು ವರ್ಷ ನನ್ನ ಕೈಕೆಳಗೆ ದುಡಿದು ನಿವೃತ್ತನಾಗಿದ್ದ ಹೂಲಿಯ ಸಿಪಾಯಿ.

ಅವನು ಎರಡು ಚೀಲ ತಂದಿದ್ದ. ಮೊದಲನೆಯದರಿಂದ ನಮ್ಮಲ್ಲಿಂದ ಒಯ್ದಿದ್ದ ಟಾರ್ಚು, ಸೈಕಲ್ ಪಂಪು, ನನ್ನ ಹೆಂಡತಿ ಕರಚಿಕಾಯಿ ತುಂಬಿ ಕೊಟ್ಟಿದ್ದ ಸ್ಟೀಲ್ ಡಬ್ಬಿ ತೆಗೆದು ಸಾಲಾಗಿ ಇಟ್ಟ. ಎರಡನೆಯದರಲ್ಲಿ ಅವನದೇ ಸಾಮಾನು: ಹಿಮದ ಠಾಣೆಯಲ್ಲಿ ತೊಡುತ್ತಿದ್ದ ಸ್ವೆಟರು, ಹಾಸಿಗೆ ಸುತ್ತಿ ಒಯ್ಯುವ ಹೋಲ್ಡಾಲು. ತಾನಿನ್ನು ಎಲ್ಲಿಗೂ ಹೋಗುವುದಿಲ್ಲ, ನೀವೇ ಇಟ್ಟುಕೊಳ್ಳಿ ಎಂದ.

ಇಪ್ಪತ್ತಾರು ವರ್ಷದ ಸೇವೆಯಲ್ಲಿ ಬಹುಪಾಲು ನಾನು ಉಗ್ರಾಣ ನೋಡಿಕೊಂಡವನು. ಸೈನ್ಯ ಬಿಟ್ಟು ಹೋಗುವವನು ಕಂಬಳಿ, ತಟ್ಟೆ, ಬೂಟು ಎಲ್ಲವನ್ನೂ ಒಪ್ಪಿಸಬೇಕು. ನಾನು ಪರೀಕ್ಷಿಸಿ ಸಹಿ ಹಾಕಿದ ಮೇಲೆಯೇ ಅವನಿಗೆ ಗೇಟು ತೆರೆಯುತ್ತಿತ್ತು. ಆ ಬೆಳಿಗ್ಗೆಯೂ ನಾನು ಮಾಡಿದ್ದು ಅದನ್ನೇ. ಟಾರ್ಚು ಹೊತ್ತಿಸಿ ನೋಡಿದೆ. ಪಂಪಿಗೆ ಹೊಸ ವಾಷರ್ ಹಾಕಿಸಿದ್ದ. ಎಲ್ಲ ಬರೋಬ್ಬರಿ ಇದೆ, ಶಾಬಾಸ್ ಎಂದೆ. ಅವನು ಕಾಲು ಜೋಡಿಸಿ ನಿಂತು ರಾಮ್ ರಾಮ್ ಹೇಳಿ ಹೋದ.

ಹೆಂಡತಿ ಚಹಾದ ಕಪ್ಪು ತೆಗೆಯಲು ಬಂದಳು. ಅವನ ಕಪ್ಪು ತುಂಬಿದ್ದು ತುಂಬಿದ ಹಾಗೇ ಇತ್ತು.

“ಪಂಪಿನ ವಾಷರ್ ಸೈತ ನೋಡಿದ್ರಿ. ಅಂವನ ಮಾರಿ ನೋಡಿದ್ರೇನು?”

“ಏನಾಗೇತಿ ಮಾರಿಗೆ? ನೀಟಾಗಿ ದಾಡಿ ಮಾಡ್ಕೊಂಡ ಬಂದಿದ್ದ.”

“ದಾಡಿ ನೋಡ್ತೀರಿ, ಬೂಟ್ ನೋಡ್ತೀರಿ. ನಡುವ ಮನಶ್ಯಾ ಇರ್ತಾನ್ರಿ. ಅಂವ ಸಾಮಾನ ಕೊಡಾಕ ಬಂದಿದ್ದಿಲ್ಲ. ಹೇಳಿ ಹೋಗಾಕ ಬಂದಿದ್ದ.”

ಎದ್ದು ಚಪ್ಪಲಿ ಮೆಟ್ಟಿದೆ. ಹಿಂದಿನ ಆರು ವರ್ಷಗಳಲ್ಲಿ ಕಿತ್ತೂರಿನ ಒಬ್ಬ, ರಾಮದುರ್ಗದ ಒಬ್ಬ, ಇಬ್ಬರು ಮಾಜಿ ಸೈನಿಕರು ತಾವಾಗಿ ಜೀವ ಕಳೆದುಕೊಂಡಿದ್ದರು. ಎರಡೂ ಮನೆಯಲ್ಲಿ ಜನರನ್ನು ಸಾಲಾಗಿ ನಿಲ್ಲಿಸಿ, ಕಟ್ಟಿಗೆಯಿಂದ ಹಿಡಿದು ಎಲ್ಲ ವ್ಯವಸ್ಥೆ ಮಾಡಿದವನು ನಾನೇ. ಹೋದ ವಾರ ಚೆನ್ನಾಗಿಯೇ ಇದ್ದನಲ್ಲ ಎಂದವನೂ ನಾನೇ.

ಬಸ್ಸಿನಲ್ಲಿ ಸವದತ್ತಿ, ಅಲ್ಲಿಂದ ಟೆಂಪೋದಲ್ಲಿ ಹೂಲಿ. ಮುಟ್ಟುವಾಗ ಒಂದು ಗಂಟೆ ದಾಟಿತ್ತು. ಹೊಲದ ಕಡೆ ಹೋಗಿದ್ದಾರೆಂದು ಅವನ ಹೆಂಡತಿ ಹೇಳಿದಳು. ಹೊಲದ ಬದುವಿನಲ್ಲಿ, ಬೇವಿನ ಗಿಡದ ಕೆಳಗೆ ಕುಳಿತಿದ್ದ. ನನ್ನನ್ನು ಕಂಡು ಎದ್ದು ನಿಲ್ಲಲಿಲ್ಲ. ಅದು ಅವನ ಜೀವಮಾನದಲ್ಲಿ ಮೊದಲ ಸಲ.

ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತೆಲ್ಲ ಬಿಟ್ಟುಹೋಯಿತು. ಪಕ್ಕದಲ್ಲಿ ಕುಳಿತು ನೇರವಾಗಿ ಕೇಳಿದೆ.

“ಸಾಯಬೇಕಂತ ಮಾಡೀಯೇನು?”

“ಹೌದ್ರಿ ಸಾಹೇಬ್ರ” ಎಂದ.

ಇದರ ಮುಂದೆ ಏನು ಕೇಳಬೇಕೆಂದು ನನಗೆ ಯಾರೂ ಕಲಿಸಿರಲಿಲ್ಲ. ಎಲ್ಲಿ ನೋವು ಎಂದೆ.

“ನೋವಿಲ್ರಿ. ಒಳಗ ಏನೂ ಇಲ್ರಿ. ಮಕ್ಕಳು ನಕ್ಕರ ಸಪ್ಪಳ ಕೇಳತೈತಿ, ಅಷ್ಟ.”

ಊರಿಗೆ ಬಂದ ನಾಲ್ಕು ವರ್ಷದಿಂದಲೂ ಹೀಗೆಯೇ ಎಂದ. ಆ ನಾಲ್ಕು ವರ್ಷವೂ ಮಾಜಿ ಸೈನಿಕರ ತಿಂಗಳ ಸಭೆಯಲ್ಲಿ ನಾನು ಅವನನ್ನು ಹೇಗಿದ್ದೀ ಎಂದು ಕೇಳಿದ್ದೇನೆ. ಆರಾಮ ಎಂಬ ಮಾತು ಅವನ ಬಾಯಿಂದ ಪೂರ್ತಿ ಬೀಳುವುದರೊಳಗೆ ಮುಂದಿನವನ ಹತ್ತಿರ ಹೋಗಿದ್ದೇನೆ. ಅದನ್ನು ಅವನಿಗೆ ಹೇಳಿದೆ. ನಿವೃತ್ತಿಯಾದ ಹೊಸದರಲ್ಲಿ ನನಗೂ ಹೀಗೇ ಆಗಿತ್ತೆಂದೂ ಹೇಳಿದೆ. ಹೆಂಡತಿಗೂ ಹೇಳದ ಮಾತು ಅದು. ಅವನು ಆಗ ನನ್ನ ಕಡೆ ತಿರುಗಿದ.

“ಮತ್ತ ನೀವ್ ಹೆಂಗ ಪಾರಾದ್ರಿ?”

ಐದಕ್ಕೆ ಏಳುವುದು, ಆರಕ್ಕೆ ನಡೆಯುವುದು, ಏಳಕ್ಕೆ ಸ್ನಾನ. ಇಷ್ಟನ್ನೇ ಹೇಳಿದೆ. ಪಾರಾಗಿದ್ದೇನೆಯೋ ಇಲ್ಲವೋ, ಅದು ನನಗೇ ಗೊತ್ತಿರಲಿಲ್ಲ.

ಅವನು ಆಮೇಲೆ ಹದಿನಾರು ತಿಂಗಳು ಬದುಕಿದ್ದ. ಧಾರವಾಡದ ಮನೋವೈದ್ಯರ ಔಷಧದಿಂದ ಊಟ, ನಿದ್ದೆ ಹತ್ತಿದವು, ಒಂದೆರಡು ಸಲ ನಕ್ಕ. ಆಗ ನಾನು ಕೇಳುವುದನ್ನು ನಿಲ್ಲಿಸಿದೆ. ಕೆಲಸ ಮುಗಿಯಿತೆಂದು ತಿಳಿದೆ. ಔಷಧ ಬಿಟ್ಟದ್ದನ್ನು ಅವನೂ ಹೇಳಲಿಲ್ಲ. ಎರಡನೆಯ ಸಲ ಅವನು ಯಾವ ಚೀಲವನ್ನೂ ತರಲಿಲ್ಲ. ಗುರುತು ಹಿಡಿಯಲು ನಾನು ಕಲಿತದ್ದು ಚೀಲವನ್ನಷ್ಟೇ, ಅವನನ್ನಲ್ಲ.

ಆ ರವಿವಾರ ಇದೊಂದೂ ತಿಳಿದಿರಲಿಲ್ಲ. ಅವನನ್ನು ಮನೆಗೆ ಕರೆತಂದು, ಅವನ ಎದುರಿಗೇ ಅವನ ಹೆಂಡತಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಆಕೆ ಅಳಲಿಲ್ಲ. ತನಗೆ ಗೊತ್ತಿತ್ತು, ಯಾರಿಗೆ ಹೇಳಬೇಕೆಂಬುದು ಗೊತ್ತಿರಲಿಲ್ಲ ಎಂದಳು. ಅವನು ಅರ್ಧ ರೊಟ್ಟಿ ತಿಂದ. ಈ ರಾತ್ರಿ ಇಲ್ಲೇ ಇರುತ್ತೇನೆಂದು ನಮ್ಮ ಮನೆಗೆ ಫೋನ್ ಮಾಡಿದೆ. ಸಂಜೆ ಆರಕ್ಕೆ ಊರಿನ ಜೀಪಿನವನನ್ನು ಹುಡುಕಿ, ಬೆಳಿಗ್ಗೆ ಏಳಕ್ಕೆ ಧಾರವಾಡಕ್ಕೆ ಹೋಗಬೇಕೆಂದು ಗೊತ್ತುಮಾಡಿದೆ. ಹಿಂತಿರುಗಿ ಬಂದು, ಅವನ ಹಾಸಿಗೆಯ ಪಕ್ಕದಲ್ಲಿ ನನ್ನದನ್ನು ಹಾಸಿದೆ.