ಅಟ್ಟದ ಮೇಲಿದ್ದ ಕಂಪ್ಯೂಟರ್

ದ್ರಾಕ್ಷಾಯಣಿ ಹಟ ಹಿಡಿದರೆ ಸಕಲೇಶಪುರದ ನಮ್ಮ ಕಾಫಿ ಕಂಪನಿಯಲ್ಲಿ ಅವಳನ್ನು ಅಲುಗಿಸುವವರು ಯಾರೂ ಇರಲಿಲ್ಲ. ಆಲೂರಿನ ದಿನಸಿ ಅಂಗಡಿ ಏಕಾಂತಯ್ಯನವರ ಮಗಳು. ಎರಡು ಸಾವಿರದ ಒಂದರಲ್ಲಿ ಕಂಪ್ಯೂಟರ್ ವಿಭಾಗಕ್ಕೆ ಬಂದಳು. ವಿಭಾಗ ಅಂದರೆ ಅವಳೊಬ್ಬಳೇ. ನಾನು ಪಕ್ಕದ ಮೇಜಿನ ಗುಮಾಸ್ತ. ಅವಳ ಬೈಗುಳಕ್ಕೆಲ್ಲ ಮೊದಲು ಸಿಗುತ್ತಿದ್ದವನು.

ನಮ್ಮ ಎಸ್ಟೇಟುಗಳ ಕಂಪ್ಯೂಟರುಗಳು ಫೋನ್ ಲೈನಿನ ಮೂಲಕ ಸಕಲೇಶಪುರದ ಸರ್ವರಿಗೆ ಸೇರಿದ್ದವು. ಒಂದೊಂದಕ್ಕೂ ಅಲ್ಲೊಂದು ಹೆಸರು. ಹೆಸರು ತೆಗೆದರೆ ಆ ಕಂಪ್ಯೂಟರಿನಿಂದ ಯಾರೂ ಒಳಗೆ ಬರುವಂತಿಲ್ಲ. 2006ರ ಸೆಪ್ಟೆಂಬರಿನಲ್ಲಿ ಮ್ಯಾನೇಜರ್ ಪ್ರತಾಪ್ ಮೇಲಿನವರ ಆದೇಶ ತಂದರು: ತೊಂಬತ್ತು ದಿನ ಲಾಗಿನ್ ಆಗದ ಹೆಸರುಗಳನ್ನು ಅಳಿಸಬೇಕು, ಕೊನೆಯ ಪಟ್ಟಿ ಮೂವತ್ತನೇ ತಾರೀಕು ಶನಿವಾರ ಐದು ಗಂಟೆಗೆ ಸಿದ್ಧವಿರಬೇಕು. ಅದಕ್ಕೊಂದು ಬಾಲ ಬೇರೆ. ಹೆಸರು ಹೋದ ಕಡೆ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಹುದ್ದೆಯೂ ರದ್ದು. ಪಟ್ಟಿಯಲ್ಲಿ ಇಪ್ಪತ್ತಾರು ಹೆಸರುಗಳಿದ್ದವು.

"ಒಂದು ಕಮಾಂಡ್ ಸಾಕಲ್ವಾ? ಐದು ನಿಮಿಷದ ಕೆಲಸ," ಅಂದರು ಪ್ರತಾಪ್.

"ಸತ್ತಿರೋದ್ಯಾವ್ದು, ಮಲಗಿರೋದ್ಯಾವ್ದು ಅಂತ ಕಣ್ಣಾರೆ ನೋಡ್ದೆ ಒಂದನ್ನೂ ಅಳ್ಸಲ್ಲ ಸಾರ್. ಜೀಪ್ ಕೊಡ್ಸಿ."

ಹಟಕ್ಕೆ ಕಾರಣವಿತ್ತು. ಮೂರು ವರ್ಷದ ಹಿಂದೆ ಯಸಳೂರಿನ ಕಡೆ ಸಿಡಿಲಿಗೆ ಎರಡು ಕಂಪ್ಯೂಟರ್ ಸುಟ್ಟಾಗ, ಜೂನ್ ಬಂದ ಕೂಡಲೇ ವೈರ್ ಕಿತ್ತು ಕಟ್ಟಿಡಿ ಎಂದು ರೈಟರುಗಳಿಗೆಲ್ಲ ಹೇಳಿದವಳು ಇವಳೇ. ಅವರು ಚಾಚೂ ತಪ್ಪದೆ ಪಾಲಿಸಿದರು. ಗೊಬ್ಬರದ ಚೀಲದಲ್ಲಿ ಸುತ್ತಿ ಒಲೆಯ ಮೇಲಿನ ಅಟ್ಟಕ್ಕೇರಿಸಿದರು. ಮಳೆಗಾಲದಲ್ಲಿ ಬೂಷ್ಟು ಹಿಡಿಯದ ಜಾಗ ಅದೊಂದೇ. ತನ್ನ ಮಾತು ಕೇಳಿದ ತಪ್ಪಿಗೆ ಅವರ ಅನ್ನ ಹೋಗಲು ಅವಳು ಬಿಡುವವಳಲ್ಲ.

ನಾಲ್ಕು ದಿನ ಜೀಪಿನಲ್ಲಿ ಗುಡ್ಡ ಹತ್ತಿಳಿದಳು. ಹತ್ತೊಂಬತ್ತು ನಿಜಕ್ಕೂ ಸತ್ತಿದ್ದವು, ಅಲ್ಲಿನ ರೈಟರುಗಳು ಬಿಟ್ಟುಹೋಗಿ ಎಷ್ಟೋ ಕಾಲವಾಗಿತ್ತು. ಒಂದರೊಳಗೆ ಇಲಿ ಸಂಸಾರ ಹೂಡಿತ್ತು. ಆರನ್ನು ಅಟ್ಟದಿಂದ ಇಳಿಸಿ ಲಾಗಿನ್ ಮಾಡಿಸಿದಳು. ಶನಿವಾರ ಮಧ್ಯಾಹ್ನ ಉಳಿದದ್ದು ವನಗೂರಿನ ತಿಮ್ಮಯ್ಯನವರದೊಂದೇ. ಐವತ್ತೆರಡನೇ ವಯಸ್ಸಿನಲ್ಲಿ ಇವಳ ಹತ್ತಿರ ಒಂದೇ ಬೆರಳಿನ ಟೈಪಿಂಗ್ ಕಲಿತ ರೈಟರ್ ಅವರು. ಅಲ್ಲಿ ನಡೆದದ್ದನ್ನು ಅವಳೇ ಆಮೇಲೆ ಹೇಳಿದಳು.

"ನಾಳೆ ಆಯುಧಪೂಜೆ ಐತೆ ಕಣವ್ವ. ಪೂಜೆ ಮಾಡೇ ಅದನ್ನ ಬಿಚ್ಚೋದು," ಅಂದರಂತೆ ತಿಮ್ಮಯ್ಯ.

"ನಾಳೆ ಬಿಚ್ಚಿದ್ರೆ ಹೆಸ್ರೂ ಇರಲ್ಲ, ನಿಮ್ಮ ಕೆಲ್ಸಾನೂ ಇರಲ್ಲ ತಿಮ್ಮಯ್ಯೋರೆ."

"ಇವತ್ತು ಬಿಚ್ಚಿ ಏನಾರ ಹೆಚ್ಚುಕಮ್ಮಿ ಆಗ್ಬುಟ್ರೆ?"

ದ್ರಾಕ್ಷಾಯಣಿ ವಾದಕ್ಕಿಳಿಯಲಿಲ್ಲ. ಅವರ ಹೆಂಡತಿ ರಾಮಮ್ಮನಿಂದ ಕುಂಕುಮ, ನಿಂಬೆಹಣ್ಣು ಕೇಳಿ ಪಡೆದು ಅಟ್ಟದ ಕೆಳಗೆ ನಿಂತಳು. "ಪೂಜೆ ಈಗ್ಲೇ ಮಾಡಿ, ನಾಳೆ ಇನ್ನೊಂದ್ಸಲ ಮಾಡಿ. ದೇವ್ರು ಬ್ಯಾಡ ಅಂತಾನಾ? ಹೆಚ್ಚುಕಮ್ಮಿ ಆದ್ರೆ ನನ್ ತಲೆ ಮೇಲಿರ್ಲಿ."

ರಾಮಮ್ಮ ನಕ್ಕುಬಿಟ್ಟರು. ತಿಮ್ಮಯ್ಯ ಗೊಣಗುತ್ತಲೇ ಏಣಿ ತಂದರು.

ಇತ್ತ ನಾನು ಅವಳ ಪರದೆಯ ಮುಂದೆ ಕೂತು ಪಟ್ಟಿಯನ್ನು ಮತ್ತೆ ಮತ್ತೆ ತೆಗೆಯುತ್ತಿದ್ದೆ. ಹಿಂದೆ ಪ್ರತಾಪ್ ಗಡಿಯಾರ ನೋಡುತ್ತ ನಿಂತಿದ್ದರು. ಐದಕ್ಕೆ ಹತ್ತು ನಿಮಿಷವಿದ್ದರೂ ವನಗೂರು ಪಟ್ಟಿಯಲ್ಲೇ ಇತ್ತು. ಇನ್ನೊಮ್ಮೆ ತೆಗೆದಾಗ ಇಪ್ಪತ್ತು ಹೆಸರು ಹತ್ತೊಂಬತ್ತಾಗಿದ್ದವು. ನಾಚಿಕೆಯಿಲ್ಲದೆ ಚಪ್ಪಾಳೆ ತಟ್ಟಿಬಿಟ್ಟೆ.

ಕತ್ತಲಾದ ಮೇಲೆ ಅವಳು ಕೆಸರು ಮೆತ್ತಿದ ಸೀರೆಯಲ್ಲೇ ಬಂದು ಕೂತು ಆ ಹತ್ತೊಂಬತ್ತನ್ನೂ ಒಂದೊಂದಾಗಿ, ಹೆಸರು ಓದಿ ಓದಿ ಅಳಿಸಿದಳು. ಮಳೆಗಾಲದಲ್ಲೂ ತಿಂಗಳಿಗೊಮ್ಮೆ ಇಳಿಸಿ ಲಾಗಿನ್ ಆಗಬೇಕೆಂದು ಹಬ್ಬ ಮುಗಿದ ಕೂಡಲೇ ಎಲ್ಲ ರೈಟರುಗಳಿಗೆ ಪತ್ರ ಬರೆದಳು.

ಮರುವರ್ಷ ಜುಲೈ ಎರಡನೇ ತಾರೀಕು ಫೋನ್ ಬಂತು. ನಾನೇ ಎತ್ತಿ ಅವಳಿಗೆ ಕೊಟ್ಟೆ. ಆ ಕಡೆಯ ದನಿ ನನ್ನ ಮೇಜಿಗೂ ಕೇಳುತ್ತಿತ್ತು.

"ಇಳ್ಸಿ ಲಾಗಿನ್ ಆದೆ ಕಣವ್ವ. ನಾನ್ ಇದೀನಾ ನೋಡು."

ಅವಳು ಪಟ್ಟಿ ತೆಗೆದು ನೋಡಿದಳು. "ಇದೀರ ತಿಮ್ಮಯ್ಯೋರೆ."

"ಹಂಗಾರೆ ಮತ್ತೆ ಅಟ್ಟಕ್ಕೇರುಸ್ತೀನಿ."